ದೊಡ್ಡಮ್ಮನ ಫೋನು ಮತ್ತು ಜನವರಿ ಒಂದನೇ ತಾರೀಖು

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಒಳಗೆ ನಡೆದರೆ ನಮ್ಮ ದೊಡ್ಡಮ್ಮನ ಮನೆ. ಎರಡೆಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ದನ. ದೊಡ್ಡಮ್ಮನಿಗೆ 68 ವರ್ಷ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅವರ ಮಗ, ಅಂದರೆ ನನ್ನ ಅಣ್ಣ, ಪುಣೆಯಲ್ಲಿದ್ದಾನೆ. ನಾನು ಬೆಂಗಳೂರಿನಲ್ಲಿ. ಹಾಗಾಗಿ ಆ ಮನೆಗೂ ನಮಗೂ ನಡುವೆ ಇರುವುದು ಒಂದು ಫೋನು. ಕಳೆದ ಜುಲೈಯಲ್ಲಿ ಆ ಫೋನು ಐದು ದಿನ ಕೆಟ್ಟು ಕೂತಿತ್ತು. ಆ ಐದು ದಿನ ಏನೇನಾಯಿತು ಅಂತ ಒಂದೂ ಬಿಡದೆ ಬರೆದಿಡುತ್ತಿದ್ದೇನೆ. ಇದೇ ತೊಂದರೆ ಇನ್ನೊಂದು ಮನೆಯಲ್ಲಿ ಬಂದರೆ ನಾವು ಮಾಡಿದ ತಪ್ಪನ್ನೇ ಅವರೂ ಮಾಡುವುದು ಬೇಡ.

ಮಂಗಳವಾರ

ಆ ವಾರ ಮಳೆ ಜೋರಾಗಿತ್ತು. ಎಲ್ಲೋ ಮರ ಬಿದ್ದು ಲೈನು ಹರಿದು ನಾಲ್ಕು ದಿನ ಕರೆಂಟಿರಲಿಲ್ಲ. ಫೋನು ಎರಡನೇ ದಿನಕ್ಕೇ ಸತ್ತಿತ್ತು. ಐದನೇ ದಿನ ಕರೆಂಟು ಬಂತು. ದೊಡ್ಡಮ್ಮ ಫೋನನ್ನು ಚಾರ್ಜಿಗೆ ಹಾಕಿ, ಅದು ಎದ್ದ ಮೇಲೆ ನನಗೆ ಕರೆ ಮಾಡಿದರು.

"ಮಗಾ, ಫೋನಿಗೆ ಎಂಥದೋ ಆಗಿದೆ. ಖಾತೆಗೆ ಸೈನ್ ಇನ್ ಆಗ್ಲಿಕ್ಕಾಗಲ್ಲ ಅಂತ ಬರ್ತದೆ. ಒತ್ತಿದ್ರೆ ಸುಮ್ನೆ ಸುತ್ತುತ್ತದೆ, ಆಮೇಲೆ ಮತ್ತೆ ಅದೇ. ವಾಟ್ಸಾಪು ತಾರೀಖು ಸರಿ ಇಲ್ಲ ಅಂತದೆ. ನಂಗೆ ಖಾತೆ ಅಂದ್ರೆ ಬ್ಯಾಂಕಿಂದು ಒಂದೇ ಗೊತ್ತು ಮಾರಾಯ. ದುಡ್ಡಿಗೇನಾದ್ರೂ ಆಯ್ತನಾ?"

ನಾನು ಕೆಲಸದ ನಡುವೆ ಇದ್ದೆ. ದುಡ್ಡಿಗೇನೂ ಆಗಿಲ್ಲ ದೊಡ್ಡಮ್ಮ, ಒಂದು ಸಲ ಆಫ್ ಮಾಡಿ ಆನ್ ಮಾಡಿ, ಶನಿವಾರ ಹೇಗೂ ಬರ್ತೀನಲ್ಲ, ನೋಡೋಣ ಅಂದೆ. ಅವರ ಮಾತಿನಲ್ಲಿ ಕಾಯಿಲೆಯ ಹೆಸರೇ ಇತ್ತು. ತಾರೀಖು ಸರಿ ಇಲ್ಲ ಅಂತ ಅವರು ಬಾಯಿಬಿಟ್ಟು ಹೇಳಿದ್ದರು. ನಾನು ಸೈನ್ ಇನ್ ಅನ್ನುವುದನ್ನಷ್ಟೇ ಕೇಳಿಸಿಕೊಂಡೆ. ಆಗಲೇ "ಫೋನಿನಲ್ಲಿ ಇವತ್ತು ಯಾವ ತಾರೀಖು ತೋರಿಸ್ತಿದೆ?" ಅಂತ ಕೇಳಿದ್ದರೆ ಈ ಪ್ರಕರಣ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಂದೆ ಅಂಗಡಿಯ ಹುಡುಗನ ಬಗ್ಗೆಯೂ ಬರೆಯಲಿಕ್ಕಿದೆ. ಆದರೆ ಮೊದಲ ತಪ್ಪು ನನ್ನದು.

ಬುಧವಾರ

ಶನಿವಾರದವರೆಗೆ ಕಾಯಲು ದೊಡ್ಡಮ್ಮನಿಗೆ ಆಗುವಂತಿರಲಿಲ್ಲ. ಅದಕ್ಕೆ ತೋಟದ ಕಾರಣವಿತ್ತು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮುಂಗಾರು ಹಿಡಿಯುವ ಹೊತ್ತಿಗೆ ಒಂದು ಸಲ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತಾರೆ, ಅದಾಗಿ 40–45 ದಿನಕ್ಕೆ ಎರಡನೇ ಸಲ. ಆ ಎರಡನೇ ಸಲದ ದಿನ ಬಂದಿತ್ತು. ಮರ ಹತ್ತಿ ಔಷಧಿ ಹೊಡೆಯುವವರು ಈಗ ಊರಿಗೆ ಒಬ್ಬರೋ ಇಬ್ಬರೋ. ಮಳೆ ಹೊಳವಾದ ದಿನ ಅವರು ಯಾರ ತೋಟದಲ್ಲಿದ್ದಾರೆ ಅನ್ನುವುದು ಫೋನಿನಲ್ಲೇ ಗೊತ್ತಾಗಬೇಕು. ಖಾತೆ ಸರಿ ಇಲ್ಲ ಅಂತ ಫೋನು ಹೇಳುತ್ತಿದ್ದರೂ ಆಗ ಆ ನಂಬರುಗಳೆಲ್ಲ ಅದರಲ್ಲೇ ಇದ್ದವು, ಕರೆಯೂ ಹೋಗುತ್ತಿತ್ತು. ಆದರೆ ಫೋನು ಪೂರ್ತಿ ಹೋಗಿಬಿಟ್ಟರೆ ಅನ್ನುವ ಹೆದರಿಕೆಗೆ ದೊಡ್ಡಮ್ಮ ಬುಧವಾರ ಬೆಳಿಗ್ಗೆ ಬಸ್ಸು ಹತ್ತಿ ಪೇಟೆಗೆ ಹೋದರು.

ಅಂಗಡಿಯ ಹುಡುಗ ಒಳ್ಳೆಯವನೇ. ಫೋನು ನೋಡಿದ, ಏನೇನೋ ಒತ್ತಿದ, ಸಾಫ್ಟ್‌ವೇರ್ ಹೋಗಿದೆ ಅಜ್ಜಿ, ರೀಸೆಟ್ ಮಾಡಬೇಕು ಅಂದ. ದೊಡ್ಡಮ್ಮ ತಮ್ಮ ಪ್ಯಾಟರ್ನ್ ಹಾಕಿ ಕೊಟ್ಟರು. ಸೆಟ್ಟಿಂಗ್ಸಿನೊಳಗಿಂದಲೇ ರೀಸೆಟ್ ಆಯಿತು. ಹೊಸ ಫೋನಿನ ಹಾಗೆ ಎದ್ದು ಕೂತಿತು, ಸೈನ್ ಇನ್ ತಪ್ಪು ಮಾಯ. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದ, ಇವರಿಗೆ ಗೊತ್ತಿಲ್ಲ. ಹಾಗಾದರೆ ಹೊಸದು ಮಾಡಿಕೊಡ್ತೀನಿ ಅಂತ ಒಂದು ಹೊಸ ಖಾತೆ ತೆರೆದ. ಸಿಮ್ಮಿನ ಮೇಲೆ ಗೀರು ಬಿದ್ದಿತ್ತು, ಅದನ್ನೂ ಅಲ್ಲೇ ಬದಲಿಸಿಕೊಟ್ಟ. ದೊಡ್ಡಮ್ಮ ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಒಂದೂ ನಂಬರಿಲ್ಲ, ಒಂದೂ ಫೋಟೋ ಇಲ್ಲ.

ಈ ರೀಸೆಟ್ಟಿನ ವಿಷಯದಲ್ಲಿ ಒಂದು ಮಾತು ಹೇಳಿಬಿಡಬೇಕು. ರೀಸೆಟ್ ಮಾಡಿದ ಕೂಡಲೇ ತಪ್ಪು ಹೋದದ್ದರಿಂದ ಸಾಫ್ಟ್‌ವೇರೇ ಕೆಟ್ಟಿತ್ತು ಅಂತ ಹುಡುಗನಿಗೆ ಖಾತ್ರಿಯಾಯಿತು. ನಿಜಕ್ಕೂ ನಡೆದದ್ದು ಬೇರೆ. ರೀಸೆಟ್ ಆದ ಫೋನಿನಲ್ಲಿ ತಾರೀಖು ಮತ್ತು ಸಮಯ ತಾನಾಗಿಯೇ ನೆಟ್‌ವರ್ಕಿನಿಂದ ತೆಗೆದುಕೊಳ್ಳುವ ಆಯ್ಕೆ ಮತ್ತೆ ಆನ್ ಆಗುತ್ತದೆ. ಗಡಿಯಾರ ಸರಿಹೋಯಿತು, ಅದಕ್ಕೆ ತಪ್ಪು ಹೋಯಿತು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಕಾಲನ್ನೇ ತೆಗೆದರೂ ನೋವು ಹೋಗುತ್ತದೆ. ಚಿಕಿತ್ಸೆ ಫಲಿಸಿತು ಅನ್ನುವುದರಿಂದ ರೋಗ ಯಾವುದು ಅಂತ ತಿಳಿದ ಹಾಗಾಗುವುದಿಲ್ಲ.

ಇನ್ನೊಂದು. ಸೆಟ್ಟಿಂಗ್ಸಿನೊಳಗಿಂದ, ಪ್ಯಾಟರ್ನ್ ಹಾಕಿ ರೀಸೆಟ್ ಮಾಡಿದ್ದರಿಂದ ಫೋನು ಹಳೆಯ ಖಾತೆಯನ್ನು ಕೇಳದೆ ಒಳಗೆ ಬಿಟ್ಟಿತು. ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದು ಹೊರಗಿನಿಂದ ರೀಸೆಟ್ ಮಾಡಿದ್ದರೆ ಹಾಗಾಗುತ್ತಿರಲಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಈಚೆಗೆ ಫೋನುಗಳಲ್ಲಿ ಕಳ್ಳರಿಗೆ ಹಾಕಿದ ಒಂದು ಬೀಗವಿದೆ. ಹೊರಗಿನಿಂದ ಅಳಿಸಿದ ಫೋನು, ಮೊದಲು ಅದರಲ್ಲಿದ್ದ ಖಾತೆಯ ಗುರುತು ಸಿಗದೆ ತೆರೆದುಕೊಳ್ಳುವುದಿಲ್ಲ. ನಮ್ಮ ದೊಡ್ಡಮ್ಮನಿಗೆ ಆ ಗತಿ ಬರಲಿಲ್ಲ. ಅವರ ಕೈಯಲ್ಲಿ ಕೆಲಸ ಮಾಡುವ ಫೋನಾದರೂ ಇತ್ತು. ಹೋದದ್ದು ಖಾತೆ.

ಖಾತೆ ಯಾರದು?

ಬುಧವಾರ ರಾತ್ರಿ ಅಣ್ಣ, ದೊಡ್ಡಮ್ಮ, ನಾನು ಮೂವರೂ ಮಾತಾಡಿದಾಗ ಗೊತ್ತಾದ ಕತೆ ಇದು. 2017ರಲ್ಲಿ ದೊಡ್ಡಪ್ಪ ಮೊದಲ ಸ್ಮಾರ್ಟ್‌ಫೋನ್ ಕೊಂಡಾಗ ಕೊಟ್ಟ ಅಂಗಡಿಯವರೇ ಅವರ ಹೆಸರಲ್ಲಿ ಗೂಗಲ್ ಖಾತೆ ಮಾಡಿಕೊಟ್ಟಿದ್ದರು. ಪಾಸ್‌ವರ್ಡ್ ಏನು ಅಂತ ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. 2021ರಲ್ಲಿ ದೊಡ್ಡಮ್ಮನಿಗೆ ಬೇರೆ ಫೋನು ತಂದಾಗ ಅದೇ ಖಾತೆಯನ್ನು ಅದಕ್ಕೂ ಹಾಕಿದರು. ಅಲ್ಲಿಂದ ಈಚಿನ ಫೋಟೋ, ನಂಬರು, ವಾಟ್ಸಾಪಿನ ಬ್ಯಾಕಪ್ ಎಲ್ಲ ಆ ಖಾತೆಗೆ ಸೇರುತ್ತ ಬಂದಿವೆ. ದೊಡ್ಡಪ್ಪ ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿದ್ದ ದೊಡ್ಡಮ್ಮನಿಗೆ ದಿನಾ ಕಳಿಸುತ್ತಿದ್ದ ಧ್ವನಿ ಸಂದೇಶಗಳೂ ಆ ಬ್ಯಾಕಪ್ಪಿನಲ್ಲೇ ಇವೆ. "ದನಕ್ಕೆ ಹುಲ್ಲು ಹಾಕಿದೆಯಾ" ಅನ್ನುವಂಥವು.

ನಮ್ಮ ಕಡೆ ಇದು ಮನೆಮನೆಯ ಕತೆ. ಫೋನು ಕೊಟ್ಟವರು ಖಾತೆ ಮಾಡಿಕೊಡುತ್ತಾರೆ, ಫೋನಿಗೆ ಕವರು ಹಾಕಿಕೊಡುವ ಹಾಗೆ. ಹತ್ತು ವರ್ಷದ ಬದುಕು ಅದರೊಳಗೆ ಸೇರುತ್ತದೆ. ಅದರ ಕೀಲಿ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ. ಫೋನು ಸರಿಯಿರುವವರೆಗೆ ಅದು ಗೊತ್ತಾಗುವುದೂ ಇಲ್ಲ, ಯಾಕೆಂದರೆ ಒಮ್ಮೆ ಸೈನ್ ಇನ್ ಆದ ಫೋನು ವರ್ಷಗಟ್ಟಲೆ ಪಾಸ್‌ವರ್ಡ್ ಕೇಳುವುದಿಲ್ಲ.

ಹೋದರೆ ಹೋಗಲಿ, ಹೊಸ ಖಾತೆಯಲ್ಲೇ ಇರೋಣ, ಹಳೆಯದು ಎಲ್ಲಿ ಹೋಗುತ್ತದೆ ಅಂತ ಅಣ್ಣ ಒಂದು ಸಲ ಅಂದ. ಹೋಗುತ್ತದೆ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿ, ಆ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಗುರುವಾರ

ಅಣ್ಣ ಪುಣೆಯಿಂದ ತನ್ನ ಲ್ಯಾಪ್‌ಟಾಪಿನಲ್ಲಿ ಕೂತ. ಖಾತೆಯ ವಿಳಾಸ ಅವನಿಗೆ ಗೊತ್ತಿತ್ತು, ದೊಡ್ಡಪ್ಪ ಹಿಂದೆ ಹಂಚಿಕೊಂಡ ಒಂದು ಫೋಟೋ ಆಲ್ಬಮ್ಮಿನಿಂದ. ಹೆಸರಿನ ನಡುವೆ ಚುಕ್ಕಿ ಇತ್ತೋ ಇಲ್ಲವೋ ಅಂತ ಒಂದಿಷ್ಟು ಹೊತ್ತು ತಲೆ ಕೆಡಿಸಿಕೊಂಡ. ಅದರ ಚಿಂತೆ ಬೇಡವಿತ್ತು, ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಇಲ್ಲದಿದ್ದರೂ ಒಂದೇ. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದ. ಒಂದು ನಂಬರಿಗೆ ಕೋಡ್ ಕಳಿಸುತ್ತೇವೆ ಅಂತ ಬಂತು, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿತ್ತು. ಅದು ದೊಡ್ಡಪ್ಪನ ನಂಬರು.

ಆ ನಂಬರು ಈಗ ಇನ್ಯಾರದೋ. ನಮಗೆ ಅದು ಹೇಗೆ ಗೊತ್ತು ಅಂದರೆ, ದೊಡ್ಡಪ್ಪ ಹೋಗಿ ಒಂದು ವರ್ಷದ ಮೇಲೆ ದೊಡ್ಡಮ್ಮ ಒಂದು ಸಂಜೆ ಸುಮ್ಮನೆ ಆ ನಂಬರಿಗೆ ಕರೆ ಮಾಡಿದ್ದರಂತೆ. ಯಾರೋ ಎತ್ತಿ ಹಿಂದಿಯಲ್ಲಿ ಮಾತಾಡಿದರಂತೆ. ದೊಡ್ಡಮ್ಮ ಇಟ್ಟುಬಿಟ್ಟರು. ಇದನ್ನು ಅವರು ನಮಗೆ ಹೇಳಿದ್ದೇ ಆ ಗುರುವಾರ.

ಪ್ರೀಪೇಯ್ಡ್ ನಂಬರನ್ನು 90 ದಿನ ಒಂದು ಕರೆಗೂ ಒಂದು ಮೆಸೇಜಿಗೂ ಇಂಟರ್ನೆಟ್ಟಿಗೂ ಬಳಸದಿದ್ದರೆ, ಅದರಲ್ಲಿ 20 ರೂಪಾಯಿಯಾದರೂ ಇಲ್ಲದಿದ್ದರೆ, ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ಮೇಲೆ ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಮನೆಯವರು ತೀರಿಕೊಂಡಾಗ ಬ್ಯಾಂಕು, ಪಹಣಿ, ಪಡಿತರ ಚೀಟಿ ಎಲ್ಲ ನೆನಪಾಗುತ್ತದೆ. ಅವರ ಸಿಮ್ಮಿಗೆ ರೀಚಾರ್ಜ್ ಮಾಡುವುದು ಯಾರಿಗೂ ನೆನಪಾಗುವುದಿಲ್ಲ. ಆದರೆ ಮನೆಯ ಎಷ್ಟೋ ಬಾಗಿಲಿನ ಚಿಲಕ ಆ ನಂಬರಿಗೆ ಕಟ್ಟಿರುತ್ತದೆ.

ಆ ನಂಬರಿಗೆ ಫೋನು ಮಾಡಿ, ವಿಷಯ ಹೇಳಿ, ಬಂದ ಕೋಡ್ ಕೇಳಿಬಿಡಲೇ ಅಂತ ಅಣ್ಣ ಕೇಳಿದ. ಬೇಡ ಅಂದೆ. ನಮ್ಮ ಕತೆ ನಿಜವೇ ಇರಬಹುದು, ಕೇಳುವವರ ಕಿವಿಗೆ ಅದು ಮೋಸಗಾರರು ಹೇಳುವ ಕತೆಯಂತೆಯೇ ಇರುತ್ತದೆ. ನಮ್ಮ ತಂದೆ ತೀರಿಕೊಂಡಿದ್ದಾರೆ, ನಿಮಗೊಂದು ಒಟಿಪಿ ಬಂದಿದೆ, ಅದನ್ನು ಹೇಳಿ. ಯಾರು ಕೇಳಿದರೂ ಹೇಳಬೇಡಿ ಅಂತ ನಾವೇ ದೊಡ್ಡಮ್ಮನಿಗೆ ನೂರು ಸಲ ಹೇಳಿದ್ದೇವೆ. ಗುರುತಿಲ್ಲದ ಒಬ್ಬ ಮನುಷ್ಯನಿಗೆ ಆ ನಿಯಮ ಮುರಿ ಅಂತ ನಾವೇ ಹೇಳುವುದು ನನಗೆ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಅಣ್ಣ ಬೇರೆ ಬೇರೆ ಪಾಸ್‌ವರ್ಡ್ ಊಹಿಸಿ ಹಾಕುತ್ತ ಹೋದ. ದೊಡ್ಡಪ್ಪನ ಹುಟ್ಟಿದ ದಿನ, ದನದ ಹೆಸರು, ಊರಿನ ಹೆಸರು. ಸ್ವಲ್ಪ ಹೊತ್ತಿಗೆ, ಬಹಳ ಸಲ ಪ್ರಯತ್ನಿಸಿದ್ದೀರಿ, ಆಮೇಲೆ ಬನ್ನಿ ಅಂತ ಬಾಗಿಲು ಹಾಕಿಕೊಂಡಿತು. ಇಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೊಂದಿತ್ತು. ಖಾತೆ ಮರಳಿ ಪಡೆಯುವಾಗ ಗೂಗಲ್ ಕೇಳಿದ ಪ್ರಶ್ನೆಗೆ ಉತ್ತರ ನೋಡುವುದರ ಜೊತೆಗೆ, ಎಲ್ಲಿಂದ, ಯಾವ ಸಾಧನದಿಂದ ಕೇಳುತ್ತಿದ್ದೀರಿ ಅನ್ನುವುದನ್ನೂ ನೋಡುತ್ತದೆ. ಆ ಖಾತೆ ಯಾವತ್ತೂ ತೆರೆಯದ ಪುಣೆಯ ಲ್ಯಾಪ್‌ಟಾಪಿಗಿಂತ, ಖಾತೆ ವರ್ಷಗಟ್ಟಲೆ ಬಳಕೆಯಲ್ಲಿದ್ದ ಮನೆಯಿಂದ, ಮೊದಲೇ ಬಳಸಿದ ಫೋನಿನಿಂದ ಕೇಳಿದರೆ ಅದಕ್ಕೆ ನಂಬಿಕೆ ಹೆಚ್ಚು.

ಅದೇ ಹೊತ್ತಿಗೆ ದೊಡ್ಡಮ್ಮನ ಕಡೆ ಇನ್ನೊಂದು ಗಲಿಬಿಲಿ. ಪಕ್ಕದ ಮನೆಯ ಹುಡುಗಿ ವಾಟ್ಸಾಪ್ ಹಾಕಿಕೊಡಲು ಬಂದಿದ್ದಳು. ದೊಡ್ಡಮ್ಮನ ಸ್ವಂತ ನಂಬರಿಗೇ ಒಟಿಪಿ ಬರುತ್ತಿಲ್ಲ. ಕರೆ ಬರುತ್ತದೆ, ಹೋಗುತ್ತದೆ, ಮೆಸೇಜು ಮಾತ್ರ ಇಲ್ಲ. ಫೋನೇ ಕೆಟ್ಟಿದೆ ಅಂತ ಮತ್ತೆ ಅಂಗಡಿಗೆ ಹೊರಟಿದ್ದರು, ತಡೆದೆ. ಹಿಂದಿನ ದಿನ ಸಿಮ್ ಬದಲಿಸಿದ್ದು ನೆನಪಾಯಿತು. ದೂರಸಂಪರ್ಕ ಇಲಾಖೆ 2022ರಲ್ಲಿ ಮಾಡಿದ ವ್ಯವಸ್ಥೆ ಇದು. ಸಿಮ್ ಬದಲಾದ ಮೊದಲ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಿಮ್ಮ ಹೆಸರಲ್ಲಿ ಯಾರೋ ನಕಲಿ ಸಿಮ್ ಪಡೆದು ಬ್ಯಾಂಕಿನ ಒಟಿಪಿ ಬಾಚಿಕೊಳ್ಳದಿರಲಿ ಅಂತ. ಒಳ್ಳೆಯ ವ್ಯವಸ್ಥೆಯೇ, ಆದರೆ ಸಿಮ್ ಕೊಡುವಾಗ ಅದನ್ನು ಬಾಯಿಮಾತಿನಲ್ಲಿ ಒಂದು ಸಲ ಹೇಳಿದರೆ ಎಷ್ಟು ಜನರ ಗಾಬರಿ ತಪ್ಪುತ್ತದೆ! ಹುಡುಗಿ ಬೇಸತ್ತು ವಾಟ್ಸಾಪನ್ನು ಅಲ್ಲಿಗೇ ಬಿಟ್ಟು ಹೋದಳು. ಆ ಬಿಟ್ಟು ಹೋದದ್ದೇ ನಮಗೆ ಒಳ್ಳೆಯದಾಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಗುರುವಾರ ಸಂಜೆಗೆ ಅಣ್ಣನ ತಾಳ್ಮೆ ಮುಗಿಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಕಸ್ಟಮರ್ ಕೇರ್ ನಂಬರ್ ಹಿಡಿದ. ಎತ್ತಿದವನು ಬಹಳ ಮರ್ಯಾದೆಯಿಂದ ಮಾತಾಡಿದನಂತೆ. ಫೋನಿನ ಪರದೆ ಅವನಿಗೆ ಕಾಣುವಂಥ ಒಂದು ಆಪ್ ಹಾಕಿಸಿಕೊಂಡ. ಪರಿಶೀಲನೆಗೆ 10 ರೂಪಾಯಿ ಕಳಿಸಬೇಕು, ಯುಪಿಐ ತೆರೆಯಿರಿ ಅಂದ. ಅಷ್ಟರಲ್ಲಿ ಅಣ್ಣನಿಗೆ ಎಚ್ಚರವಾಗಿ ಕರೆ ಕತ್ತರಿಸಿದ, ಇಂಟರ್ನೆಟ್ ಆಫ್ ಮಾಡಿದ, ಆಪ್ ತೆಗೆದ. ದುಡ್ಡು ಹೋಗಲಿಲ್ಲ. ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಖಾತೆ ಅಥವಾ ಪಾಸ್‌ವರ್ಡ್ ಸರಿಮಾಡಿಕೊಡುತ್ತೇವೆ ಅನ್ನುವ ಯಾವ ಸೇವೆಯ ಜೊತೆಗೂ ತನಗೆ ಸಂಬಂಧವಿಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಹೇಳಿದೆ. ಮರಳಿ ಪಡೆಯುವ ದಾರಿ ಅದರದೇ ಪುಟದ್ದು, ಅದು ಬಿಟ್ಟು ಫೋನಿನಲ್ಲಿ ಮಾತಾಡಿ ಬಿಡಿಸಿಕೊಡುವ ಮನುಷ್ಯ ಅಂತ ಯಾರೂ ಇಲ್ಲ. ಅಣ್ಣ ಓದಿದವನು, ಹದಿನೈದು ವರ್ಷದಿಂದ ಕಂಪ್ಯೂಟರಿನಲ್ಲೇ ಕೆಲಸ ಮಾಡುವವನು. ಅಮ್ಮನ ಫೋನಿನಿಂದ ಅಪ್ಪನ ದನಿ ಹೋಗಿಬಿಡುತ್ತದೆ ಅನ್ನುವ ಸಂಕಟದಲ್ಲಿ ಅವನೂ ಅಷ್ಟು ದೂರ ಹೋದ.

ಶುಕ್ರವಾರ ಯಾರೂ ಏನೂ ಮಾಡಬೇಡಿ ಅಂದೆ. ಬಾಗಿಲು ಹಾಕಿಕೊಂಡ ಖಾತೆಯನ್ನು ತಟ್ಟಿದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ.

ಶನಿವಾರ

ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮನೆ ಸೇರಿದೆ. ಕಾಫಿ ಕುಡಿಯುತ್ತ ದೊಡ್ಡಮ್ಮನನ್ನು ಒಂದೇ ಪ್ರಶ್ನೆ ಕೇಳಿದೆ.

"ದೊಡ್ಡಪ್ಪನ ಹಳೇ ಫೋನು ಎಲ್ಲಿ?"

"ಬೀರುವಲ್ಲಿದೆ. ಅವರ ಕನ್ನಡಕದ ಜೊತೆ ಇಟ್ಟಿದೀನಿ. ಅದೆಂಥಕ್ಕೆ, ಅದ್ರಲ್ಲಿ ಸಿಮ್ಮೂ ಇಲ್ಲ."

ಸಿಮ್ ಬೇಕಿರಲಿಲ್ಲ. ಆ ಫೋನಿನಲ್ಲಿ ಅದೇ ಖಾತೆ ಸೈನ್ ಇನ್ ಆಗಿಯೇ ಇದ್ದಿರಬೇಕು, ಯಾರೂ ತೆಗೆದಿರಲಿಲ್ಲ, ಪಾಸ್‌ವರ್ಡೂ ಬದಲಾಗಿರಲಿಲ್ಲ. ಅದು ಎದ್ದರೆ, ನಮ್ಮ ಹೆಸರಲ್ಲಿ "ಹೌದು, ಇವರೇ" ಅಂತ ಸಾಕ್ಷಿ ಹೇಳಬಲ್ಲ ಸಾಧನ ಅದೊಂದೇ.

ಚಾರ್ಜಿಗೆ ಹಾಕಿ ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಬೆಳಗಿತು. ಪ್ಯಾಟರ್ನ್ ಕೇಳಿತು. ನಾನು ದೊಡ್ಡಮ್ಮನ ಮುಖ ನೋಡಿದೆ. ಅವರು ಫೋನು ಕೈಗೆ ತೆಗೆದುಕೊಂಡು ಒಂದು ಗಳಿಗೆ ಸುಮ್ಮನಿದ್ದು, "ಕೊಟ್ಟಿಗೆ ಬಾಗಿಲಿನ ಅಗುಳಿ ತೆಗೆಯೋ ಹಾಗೆ ಎಳೀತಿದ್ರು, ಕೆಳಗೆ, ಆಮೇಲೆ ಪಕ್ಕಕ್ಕೆ" ಅಂತ ಬೆರಳೆಳೆದರು. ತೆರೆಯಿತು.

ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಸಿಕ್ಕಿತು. ಖಾತೆ ಇತ್ತು. ಆದರೆ ಯಾವುದೂ ಅಲುಗಾಡುತ್ತಿಲ್ಲ. ಮೇಲ್ ಬರುತ್ತಿಲ್ಲ, ಪ್ಲೇ ಸ್ಟೋರ್ ಸುತ್ತುತ್ತಲೇ ಇದೆ, ಖಾತೆಗೆ ಸೈನ್ ಇನ್ ಆಗಲು ಸಾಧ್ಯವಾಗುತ್ತಿಲ್ಲ ಅಂತ ಮೇಲೆ ಒಂದು ಸೂಚನೆ. ಬ್ರೌಸರ್ ತೆರೆದು ನೋಡಿದರೆ ಅದು ನೇರವಾಗಿ ಹೇಳಿತು: ನಿಮ್ಮ ಗಡಿಯಾರ ಹಿಂದಿದೆ. ತಲೆಯೆತ್ತಿ ಪರದೆಯ ಮೇಲ್ಭಾಗ ನೋಡಿದೆ. ಜನವರಿ 1, 2015.

ಮಂಗಳವಾರದ ಕರೆ ನನಗೆ ನೆನಪಾದದ್ದು ಆ ಹೊತ್ತಿಗೆ.

ಗಡಿಯಾರಕ್ಕೂ ಸೈನ್ ಇನ್ನಿಗೂ ಏನು ಸಂಬಂಧ ಅಂತ ದೊಡ್ಡಮ್ಮ ಕೇಳಿದರು. ಅವರಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಫೋನು ಗೂಗಲ್ಲಿನ ಸರ್ವರನ್ನು ಮಾತಾಡಿಸುವ ಮೊದಲು, ನೀನು ನಿಜವಾಗಿ ಅವನೇನಾ ಅಂತ ಕೇಳುತ್ತದೆ. ಸರ್ವರು ಒಂದು ಪ್ರಮಾಣಪತ್ರ ತೋರಿಸುತ್ತದೆ. ಬಸ್ ಪಾಸಿನಲ್ಲಿರುವ ಹಾಗೆ ಅದರಲ್ಲಿ ಎರಡು ತಾರೀಖು ಇರುತ್ತವೆ, ಇಂಥ ದಿನದಿಂದ ಇಂಥ ದಿನದವರೆಗೆ. ಈಗೆಲ್ಲ ಅವುಗಳ ಅವಧಿ ಕೆಲವೇ ತಿಂಗಳು. ಕಂಡಕ್ಟರ ತನ್ನ ಹತ್ತಿರ ಇರುವ ಕ್ಯಾಲೆಂಡರು ನೋಡಿ ಪಾಸು ನಡೆಯುತ್ತದೋ ಇಲ್ಲವೋ ಹೇಳುತ್ತಾನೆ. ಅವನ ಕ್ಯಾಲೆಂಡರು 2015ರಲ್ಲೇ ನಿಂತಿದ್ದರೆ, ಈ ಜೂನಿನಲ್ಲಿ ಶುರುವಾದ ಪಾಸು ಅವನ ಕಣ್ಣಿಗೆ ಇನ್ನೂ ಹುಟ್ಟೇ ಇಲ್ಲ. ಇಳಿಸಿಬಿಡುತ್ತಾನೆ. ಪಾಸೂ ಸರಿ, ಪ್ರಯಾಣಿಕನೂ ಸರಿ, ತಪ್ಪಿರುವುದು ಕ್ಯಾಲೆಂಡರು. ಪಾಸ್‌ವರ್ಡ್ ಕೇಳುವ ಹಂತಕ್ಕೆ ಮಾತು ಹೋಗುವುದೇ ಇಲ್ಲ. ಆದರೆ ಫೋನು ನಮಗೆ ಹೇಳುವುದು ಮಾತ್ರ, ಸೈನ್ ಇನ್ ಆಗಲಿಲ್ಲ.

ಸೆಟ್ಟಿಂಗ್ಸಿಗೆ ಹೋಗಿ ತಾರೀಖು, ಸಮಯ ಕೈಯಿಂದ ಸರಿಮಾಡಿದೆ, ಭಾರತದ ಸಮಯವಲಯ ಇದೆಯಾ ನೋಡಿದೆ. ಒಂದು ನಿಮಿಷವಾಗಿರಲಿಲ್ಲ, ಮೇಲ್‌ಗಳು ಒಂದರ ಹಿಂದೆ ಒಂದು ಬೀಳಲು ಶುರುವಾದವು.

ಆಮೇಲಿನ ಕೆಲಸ ಸಲೀಸು. ದೊಡ್ಡಮ್ಮನ ಫೋನಿನಲ್ಲಿ ಖಾತೆಯ ವಿಳಾಸ ಹಾಕಿ, ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದೆ. ಮೊದಲು ಅದೇ ಹಳೆಯ ನಂಬರು ತೋರಿಸಿತು. ಕೋಡ್ ಕಳಿಸು ಅನ್ನದೆ ಬೇರೆ ವಿಧಾನ ಅನ್ನುವುದನ್ನು ಒತ್ತಿದೆ. ದೊಡ್ಡಪ್ಪನ ಫೋನು ಮೇಜಿನ ಮೇಲೆ ಮಿಣುಕಿತು: ಸೈನ್ ಇನ್ ಮಾಡುತ್ತಿರುವುದು ನೀವೇನಾ? ಹೌದು ಒತ್ತಿದ ಮೇಲೆ ಮೂರು ಸಂಖ್ಯೆ ತೋರಿಸಿತು. ದೊಡ್ಡಮ್ಮನ ಫೋನಿನಲ್ಲಿ ಕಾಣುತ್ತಿದ್ದ ಸಂಖ್ಯೆಯನ್ನು ಅವರೇ ಆರಿಸಿ ಒತ್ತಿದರು. ಹೊಸ ಪಾಸ್‌ವರ್ಡ್ ಕೊಡಿ ಅಂತ ಬಂತು.

ವಾಟ್ಸಾಪನ್ನು ಇದಾದ ಮೇಲೆ ಹಾಕಿದೆವು. ಗುರುವಾರ ಒಟಿಪಿ ಬಾರದ್ದು ಒಳ್ಳೆಯದಾಯಿತು ಅಂದೆನಲ್ಲ, ಅದರ ಕಾರಣ ಇದು. ವಾಟ್ಸಾಪ್ ಹೊಸದಾಗಿ ಹಾಕುವಾಗ ಫೋನಿನಲ್ಲಿರುವ ಗೂಗಲ್ ಖಾತೆಯಲ್ಲಿ ಹಳೆಯ ಬ್ಯಾಕಪ್ ಇದೆಯಾ ಅಂತ ನೋಡುತ್ತದೆ. ನಂಬರೂ ಅದೇ ಇರಬೇಕು, ಖಾತೆಯೂ ಅದೇ ಇರಬೇಕು. ಗುರುವಾರ ಫೋನಿನಲ್ಲಿದ್ದದ್ದು ಅಂಗಡಿಯ ಹೊಸ ಖಾತೆ. ಆಗ ಹಾಕಿದ್ದರೆ ಬ್ಯಾಕಪ್ ಇಲ್ಲ ಅಂತ ಖಾಲಿ ಪುಸ್ತಕ ತೆರೆದು ಕೂರುತ್ತಿತ್ತು. ಮತ್ತೆ ತೆಗೆದು ಹಾಕಿ ಸರಿಮಾಡಬಹುದಿತ್ತು, ಆದರೆ ದೊಡ್ಡಮ್ಮ ಅಷ್ಟರಲ್ಲಿ ಎಲ್ಲ ಹೋಯಿತು ಅಂತ ಮನಸ್ಸು ಗಟ್ಟಿಮಾಡಿಕೊಂಡುಬಿಡುತ್ತಿದ್ದರು. ಶನಿವಾರ ಒಟಿಪಿ ಬಂತು, ಬ್ಯಾಕಪ್ ಸಿಕ್ಕಿತು, ಕರೆಂಟು ಹೋಗುವ ಹಿಂದಿನ ರಾತ್ರಿಯದ್ದು.

ಗಡಿಯಾರ ಕೆಟ್ಟದ್ದು ಹೇಗೆ

ದೊಡ್ಡಪ್ಪನ ಫೋನಿನ ಗಡಿಯಾರ ನಿಂತದ್ದಕ್ಕೆ ಕಾರಣ ಸ್ಪಷ್ಟ, ಅದು ಬೀರುವಲ್ಲಿ ತಿಂಗಳುಗಟ್ಟಲೆ ಸತ್ತು ಬಿದ್ದಿತ್ತು. ಆಫ್ ಆದ ಫೋನಿನಲ್ಲೂ ಗಡಿಯಾರ ನಡೆಯುವುದು ಬ್ಯಾಟರಿಯಲ್ಲಿ ಉಳಿದ ಕೊನೆಯ ಚೂರು ವಿದ್ಯುತ್ತಿನಿಂದ. ಅದೂ ಮುಗಿದರೆ ಫೋನು ತನ್ನ ಮೊದಲ ತಾರೀಖಿಗೆ ಹೋಗುತ್ತದೆ. ದೊಡ್ಡಮ್ಮನ ಫೋನೂ ಹಾಗೆಯೇ ಹೋದದ್ದೇ? ಪೇಟೆಗೆ ಹೋಗಿ ಅಂಗಡಿಯ ಹುಡುಗನನ್ನು ಕೇಳಿದೆ. ಹೌದು ಸಾರ್, ಜನವರಿ 1 ಅಂತಿತ್ತು, ನಾನು ಅದರ ಕಡೆ ಗಮನ ಕೊಡಲಿಲ್ಲ ಅಂದ.

ಆದರೂ ಒಂದು ಗಂಟು ಉಳಿದಿತ್ತು. ಸಿಮ್ ಇದ್ದ ಫೋನು, ಟವರ್ ಸಿಕ್ಕಿದ ಕೂಡಲೇ ಸಮಯ ತಾನಾಗಿಯೇ ಸರಿಮಾಡಿಕೊಳ್ಳಬೇಕಿತ್ತು. ಅದರ ಉತ್ತರ ಭಾನುವಾರ ಅಣ್ಣನ ಮಗನಿಂದ ಸಿಕ್ಕಿತು. ಬೇಸಿಗೆ ರಜಕ್ಕೆ ಬಂದಿದ್ದಾಗ ಅಜ್ಜಿಯ ಫೋನಿನಲ್ಲಿ ಆಟ ಆಡುತ್ತಿದ್ದ. ಆಟದಲ್ಲಿ ಜೀವ ಮುಗಿದರೆ ಗಂಟೆಗಟ್ಟಲೆ ಕಾಯಬೇಕು. ತಾರೀಖು ಮುಂದಕ್ಕೆ ತಿರುಗಿಸಿದರೆ ಕಾಯದೆಯೇ ಜೀವ ಬರುತ್ತದೆ. ಅದಕ್ಕೆ ಸ್ವಯಂಚಾಲಿತ ಸಮಯವನ್ನು ಆಫ್ ಮಾಡಿದ್ದ. ಊರಿಗೆ ಹೋಗುವಾಗ ತಾರೀಖನ್ನು ಸರಿಯಾಗಿ ತಿರುಗಿಸಿಟ್ಟೇ ಹೋಗಿದ್ದಾನೆ, ಆ ಆಯ್ಕೆಯನ್ನು ಮಾತ್ರ ಆನ್ ಮಾಡಲಿಲ್ಲ. ಕರೆಂಟಿರುವವರೆಗೆ ಏನೂ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ಮಗು ಒತ್ತಿದ ಒಂದು ಗುಂಡಿ ಜುಲೈಯ ಮಳೆಗೆ ಕಾಯುತ್ತ ಕೂತಿತ್ತು. ಅವನು ಅಳುತ್ತಲೇ ಹೇಳಿದ. ನಿನ್ನದೇನೂ ತಪ್ಪಿಲ್ಲ ಕಣೋ ಅಂದೆ, ಹಾಗೆಯೇ ಅನಿಸಿತು ಕೂಡ.

ಹೊರಡುವ ಮೊದಲು ಮಾಡಿದ್ದು

ಖಾತೆಗೆ ದೊಡ್ಡಮ್ಮನ ಸ್ವಂತ ನಂಬರು ಹಾಕಿದೆ. ಅವರನ್ನು ಕೇಳಿ, ಮರಳಿ ಪಡೆಯುವ ಮೇಲ್ ವಿಳಾಸವಾಗಿ ಅಣ್ಣನದನ್ನು ಕೊಟ್ಟೆ. ನಂಬರು ಬದಲಿಸಿದ ಮೇಲೂ ಏಳು ದಿನದವರೆಗೆ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟುಕೊಂಡಿರುತ್ತದೆ, ಹಾಗಾಗಿ ಆ ಏಳು ದಿನ ಖಾತೆಯ ತಂಟೆಗೆ ಯಾರೂ ಹೋಗಬೇಡಿ ಅಂದೆ. ಅಂಗಡಿಯ ಹೊಸ ಖಾತೆಯಲ್ಲಿ ಆ ಮೂರು ದಿನದಲ್ಲಿ ಸೇರಿಸಿದ ನಂಬರುಗಳಿದ್ದವು, ಅವನ್ನು ಹಳೆಯದಕ್ಕೆ ತಂದುಕೊಂಡು ಆಮೇಲೆ ಫೋನಿನಿಂದ ತೆಗೆದೆ. ಸ್ವಯಂಚಾಲಿತ ಸಮಯ ಎರಡೂ ಫೋನಿನಲ್ಲಿ ಆನ್ ಇದೆ.

ಪಾಸ್‌ವರ್ಡನ್ನು ದೊಡ್ಡಮ್ಮ ತಮ್ಮ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆದು, ಪಹಣಿ ಇಟ್ಟ ಟ್ರಂಕಿನಲ್ಲಿ ಇಟ್ಟರು. ಪಾಸ್‌ವರ್ಡ್ ಬರೆದಿಡಬಾರದು ಅಂತ ಎಲ್ಲರೂ ಹೇಳುತ್ತಾರೆ. ಆಫೀಸಿನ ಮೇಜಿಗೆ ಅದು ಸರಿಯಾದ ಮಾತು. ಆ ಮನೆಯ ಟ್ರಂಕಿಗೆ ಕಳ್ಳ ಬರುವ ಭಯಕ್ಕಿಂತ ಪಾಸ್‌ವರ್ಡ್ ಮರೆತುಹೋಗುವ ಭಯ ನೂರುಪಾಲು ದೊಡ್ಡದು. ಪಾಸ್‌ವರ್ಡಿನ ಜೊತೆ ಇನ್ನೊಂದು ಗುರುತೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಸದ್ಯಕ್ಕೆ ಹಾಕಲಿಲ್ಲ, ಅದೇ ಕಾರಣಕ್ಕೆ. ಒಂದು ವರ್ಷ ಅವರೇ ಈ ಖಾತೆಯನ್ನು ತಮ್ಮದು ಅಂತ ನಡೆಸಿಕೊಂಡು ರೂಢಿಯಾಗಲಿ, ಆಮೇಲೆ ನೋಡೋಣ ಅಂದುಕೊಂಡೆ.

ದೊಡ್ಡಪ್ಪನ ಫೋನನ್ನು ಬೀರುವಿಗೆ ಹಾಕಬೇಡಿ, ವಾರಕ್ಕೊಮ್ಮೆ ಚಾರ್ಜ್ ಮಾಡಿ ಅಂದೆ. ಅದಕ್ಕೆ ದೊಡ್ಡಮ್ಮ ದೇವರ ಕೋಣೆಯ ಪಕ್ಕದ ಗೂಡನ್ನು ಆರಿಸಿದರು.

ಶನಿವಾರ ಸಂಜೆ ವಾಟ್ಸಾಪು ಇನ್ನೂ ತುಂಬಿಕೊಳ್ಳುತ್ತಿತ್ತು, ನೂರಕ್ಕೆ ನಲವತ್ತರ ಹತ್ತಿರ. ಧ್ವನಿ ಸಂದೇಶಗಳು ಬಂದಾವಾ ಅಂತ ದೊಡ್ಡಮ್ಮ ಮೊದಲು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ನಂಬರುಗಳನ್ನು. ಅವು ಆಗಲೇ ಬಂದಿದ್ದವು. ಪಟ್ಟಿಯಲ್ಲಿ ಬೆರಳಾಡಿಸಿ ಔಷಧಿ ಹೊಡೆಯುವವನ ಹೆಸರು ಹುಡುಕಿ ಕರೆ ಮಾಡಿದರು.

"ಹೌದಾ, ನಾನೇ. ಫೋನು ಹಾಳಾಗಿತ್ತು. ನಾಳೆ ಹೊಳವಾದ್ರೆ ನಮ್ಮನೆಗೇ ಬಾ, ಮೈಲುತುತ್ತ ಸುಣ್ಣ ಎಲ್ಲ ತಂದಿಟ್ಟಿದೀನಿ."

ಭಾನುವಾರ ಹತ್ತು ಗಂಟೆಗೆ ಮಳೆ ಬಿಟ್ಟಿತು. ಅವನು ಬಂದ.